ಪಾವಗಡದ ಮೇಲೆ ಒಂದು ಕೆರೆ

“ಕತ್ತು ಎತ್ಬೇಡ ಅಂದ್ನಲ್ಲ. ಮುಳ್ಳು ನೋಡು, ಮುಳ್ಳು.”

“ನಾನೆಲ್ಲಿ ಎತ್ತಿದೆ?” ಎಂದಳು ಲೋಹಿತಾ.

ಅವಳು ನಿಜಕ್ಕೂ ಎತ್ತಿರಲಿಲ್ಲ. ಅವಳ ತಲೆಯ ಮೇಲೆ ಗೌರೀಶನ ಕ್ರಿಕೆಟ್ ಟೋಪಿ ಇತ್ತು. ಟೋಪಿಯ ಮುಂಭಾಗಕ್ಕೆ ಅವನು ಸೀರೆ ಡಬ್ಬದ ರಟ್ಟು ಅಂಟಿಸಿದ್ದ. ಕಂಪ್ಯೂಟರ್ ಪರದೆಯ ಮೇಲಿನ ಅರ್ಧ ಅದರಿಂದ ಮರೆಯಾಗಿತ್ತು. ಆಕಾಶವಿಲ್ಲ, ಬೆಟ್ಟವಿಲ್ಲ, ಊರಿಲ್ಲ. ಕೆಳಗೆ ಗಡಿಯಾರದಲ್ಲಿರುವಂಥ ಮುಳ್ಳುಗಳು ಮಾತ್ರ ಕಾಣುತ್ತಿದ್ದವು.

ಯುದ್ಧವಿಮಾನ ಹಾರಿಸುವವರೂ ಹೀಗೇ ಕಲಿಯುತ್ತಾರಂತೆ. ಮೋಡದೊಳಗೆ ನುಗ್ಗಿದರೆ ಹೊರಗೆ ಏನೂ ಕಾಣುವುದಿಲ್ಲ. ಆಗ ಎತ್ತರ ತೋರಿಸುವ ಮುಳ್ಳು, ದಿಕ್ಕು ತೋರಿಸುವ ಮುಳ್ಳು, ಇವೇ ಕಣ್ಣು.

ಗೌರೀಶ್ ಅವಳ ದೊಡ್ಡಪ್ಪನ ಮಗ. ಹತ್ತನೇ ಕ್ಲಾಸು. ಶಿರಾದ ಅವನ ಮನೆಗೆ ಲೋಹಿತಾ ಪಾವಗಡದಿಂದ ರಜೆಗೆ ಬಂದಿದ್ದಳು. ಭಾನುವಾರ ಅವನೂ ಅವನ ಫ್ರೆಂಡ್ಸೂ ಆನ್‌ಲೈನ್ ಆಟದಲ್ಲಿ ನಾಲ್ಕು ಜೆಟ್‌ಗಳನ್ನು ಒಟ್ಟಿಗೆ ಹಾರಿಸುವವರಿದ್ದರು. ಅವರಲ್ಲಿ ಒಬ್ಬ ಕೈ ಮುರಿದುಕೊಂಡಿದ್ದ. ಇವತ್ತಿನ ಟೆಸ್ಟ್ ಪಾಸಾದರೆ ಅವನ ಜೆಟ್ ಲೋಹಿತಾಗೆ. ಕೊರಟಗೆರೆಯಿಂದ ಹೊರಟು ಮಧುಗಿರಿ, ಪಾವಗಡ ದಾಟಿ ಶಿರಾಕ್ಕೆ ಬರಬೇಕು. ದಾರಿ ತಪ್ಪಬಾರದು. ಹೊರಗೆ ನೋಡಬಾರದು.

ಬಂದ ದಿನದಿಂದ ಅವಳು ಇದೊಂದನ್ನೇ ಅಭ್ಯಾಸ ಮಾಡಿದ್ದಳು. ಮಧುಗಿರಿ ದಾಟಿತ್ತು. ಪಾವಗಡ ಇನ್ನೇನು ಬರಬೇಕು.

ಅವಳ ಬೆನ್ನ ಹಿಂದೆ ನಿಂತು ಇಡೀ ಪರದೆ ನೋಡುತ್ತಿದ್ದ ಗೌರೀಶ್ ತಟ್ಟನೆ ಅಂದ, “ಲೇ, ಎಲ್ಲಿಗೆ ಬಂದ್ಬುಟ್ಟಿದ್ದೀಯ?”

“ಪಾವಗಡದ ಹತ್ರ.”

“ಯಾವ ಪಾವಗಡ? ಮುಂದೆ ಇಷ್ಟಗಲ ಕೆರೆ ಕಾಣ್ತಾ ಐತೆ. ನಿಮ್ಮೂರಲ್ಲಿ ಕುಡಿಯಕ್ಕೇ ನೀರಿಲ್ಲ, ಕೆರೆ ಎಲ್ಲಿಂದ ಬರ್ತದೆ? ನೀನು ಎಡಕ್ಕೆ ಸರ್ಕೊಂಡು ನಮ್ಮ ಶಿರಾ ಕೆರೆಗೇ ಬಂದಿದ್ದೀಯ. ಬಲಕ್ಕೆ ತಿರುಗ್ಸು.”

ಲೋಹಿತಾ ಇನ್ನೊಮ್ಮೆ ನೋಡಿದಳು. ದಿಕ್ಕಿನ ಮುಳ್ಳು ಕೂದಲೆಳೆಯಷ್ಟೂ ಸರಿದಿರಲಿಲ್ಲ.

“ಅಣ್ಣ, ಮುಳ್ಳು ಸರಿಯಾಗೇ ಐತೆ.”

“ನನಗೆ ಕಣ್ಣಿಗೇ ಕಾಣ್ತಾ ಐತೆ ಕಣೇ. ನಿನಗೆ ಕಾಣ್ತೈತಾ?”

ಕಾಣುತ್ತಿರಲಿಲ್ಲ. ಅವಳ ಕೈ ವಿಮಾನ ತಿರುಗಿಸುವ ಸ್ಟಿಕ್ಕನ್ನು ಬಲಕ್ಕೆ ಒತ್ತಿಬಿಟ್ಟಿತು. ದಿಕ್ಕಿನ ಮುಳ್ಳು ನಿಧಾನವಾಗಿ ತಿರುಗತೊಡಗಿತು.

“ಅಷ್ಟೇ. ದಾರಿ ತಪ್ಪಿದ್ದೀಯ, ಫೇಲು,” ಎಂದ ಗೌರೀಶ್.

“ಏನ್ರೋ ಅದು ಗಲಾಟೆ?” ಅಡುಗೆಮನೆಯಿಂದ ದೊಡ್ಡಮ್ಮ ಕೂಗಿದರು.

“ಏನಿಲ್ಲ ಕಣಮ್ಮ. ಪಾವಗಡದಲ್ಲಿ ಕೆರೆ ಕೋಡಿ ಬಿದ್ದೈತಂತೆ. ಇವಳು ಕೊಡ ತಗೊಂಡು ಓಡ್ತಾವ್ಳೆ.”

ದೊಡ್ಡಮ್ಮ ನಕ್ಕದ್ದು ಕೇಳಿಸಿತು.

ಲೋಹಿತಾಳ ಕಿವಿ ಬಿಸಿಯಾದವು. ಟ್ಯಾಂಕರ್ ಬಂದ ದಿನ ಅಮ್ಮ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲುತ್ತಾಳೆಂದು ಇವರಿಗೇನು ಗೊತ್ತು? ಸ್ಟಿಕ್ಕನ್ನು ಅವಳು ರಪ್ಪನೆ ಎಡಕ್ಕೆ ಎಳೆದಳು. ಎತ್ತರದ ಮುಳ್ಳು ಹುಚ್ಚು ಹಿಡಿದಂತೆ ಕುಣಿಯಿತು. ಬಿಗಿಯಾಗಿ ಹಿಡಿದಷ್ಟೂ ಅದು ಹೆಚ್ಚು ಕುಣಿಯುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡೇ ಬೆರಳು ಸಡಿಲಿಸಿದಳು. ಎರಡೂ ಮುಳ್ಳುಗಳು ಹಳೆಯ ಜಾಗಕ್ಕೆ ಬಂದು ನಿಂತವು.

“ಫೇಲಾದ ಮೇಲೆ ಯಾಕೆ ಓಡಿಸ್ತೀಯ?”

“ಆ ಕೆರೆಗೆ ಏರಿ ಎಲ್ಲೈತೆ?” ಎಂದು ಕೇಳಿದಳು ಲೋಹಿತಾ. ತಲೆ ಎತ್ತಲಿಲ್ಲ.

“ಏರಿ...” ಗೌರೀಶ್ ಪರದೆಯ ಹತ್ತಿರ ಬಾಗಿದ. “ಕಾಣ್ತಿಲ್ಲ.”

“ನಡುವೆ ರಸ್ತೆ ಐತಾ? ನೆಟ್ಟಗೆ?”

ಅವನು ಕಣ್ಣು ಕಿರಿದು ಮಾಡಿ ನೋಡಿದ. “ಐತೆ. ಚೌಕ ಚೌಕ ಐತೆ.”

“ನೀರಿನ ನಡುವೆ ಯಾರಾದ್ರೂ ಚೌಕ ಚೌಕ ರಸ್ತೆ ಹಾಕ್ತಾರಾ? ಅದು ಕೆರೆ ಅಲ್ಲ. ವಳ್ಳೂರಿನ ಸೋಲಾರ್ ಪ್ಲೇಟು.”

ಪಾವಗಡದ ಪಕ್ಕದ ವಳ್ಳೂರು ಅವಳ ಅಜ್ಜಿಯ ಊರು. ಗುಡ್ಡ ಹತ್ತಿ ನೋಡಿದರೆ ಹೊಲಗಳಿದ್ದ ಕಡೆಯೆಲ್ಲ ನೀಲಿ ಪ್ಲೇಟುಗಳು. ಒಮ್ಮೆ ಕೊಕ್ಕರೆಗಳ ಹಿಂಡೊಂದು ನೀರೆಂದು ಇಳಿಯಲು ಬಂದು, ಸುತ್ತು ಹೊಡೆದು ಹಾಗೇ ಹೋಗಿತ್ತು.

“ಓ, ಪ್ಲೇಟುಗಳಾ,” ಎಂದು ಗೌರೀಶ್ ತಲೆ ಕೆರೆದುಕೊಂಡ. “ಬುಡು, ದೂರದಿಂದ ಯಾರಿಗಾದ್ರೂ ಅಂಗೇ ಕಾಣೋದು.”

ಲೋಹಿತಾ ಪಾವಗಡ ದಾಟಿ ಎಡಕ್ಕೆ ತಿರುಗಿ ಶಿರಾ ಮುಟ್ಟಿದಳು.

“ಪಾಸು. ಭಾನುವಾರ ನಾಲ್ಕನೇ ಜೆಟ್ ನಿಂದೇ,” ಎಂದ ಗೌರೀಶ್. “ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀಯ?”

ಅವಳು ಎದ್ದು ಟೋಪಿ ತೆಗೆದು ಅವನ ತಲೆಗೆ ಒತ್ತಿದಳು. “ಈಗ ನೀನು ಕೂತ್ಕೊ.”

“ನನಗ್ಯಾಕೆ ಟೆಸ್ಟು? ನಾನು ನಿನ್ನ ಸರ್ರು.”

“ಕೂತ್ಕೊ ಅಂದೆ.”

ಅವನು ನಗುತ್ತಾ ಕೂತ. ಲೋಹಿತಾ ಹಿಂದೆ ನಿಂತಳು. ಕೊರಟಗೆರೆಯಿಂದ ಅವನು ಸರಾಗವಾಗಿ ಹೊರಟ. ಸ್ವಲ್ಪ ಹೊತ್ತಿಗೇ ಮಧುಗಿರಿ ಬೆಟ್ಟ ಪರದೆಯ ನಟ್ಟನಡುವೆ ಮೂಡಿತು, ಎಲ್ಲಿರಬೇಕೋ ಅಲ್ಲೇ. ಅವಳು ಅದಕ್ಕೇ ಕಾಯುತ್ತಿದ್ದಳು.

“ಅಣ್ಣ, ತಪ್ಪಿದ್ದೀಯ. ಬೆಟ್ಟ ಎಡಗಡೆ ಹೋಯ್ತು. ಎಡಕ್ಕೆ ತಿರುಗ್ಸು.”

“ಮುಳ್ಳು ಸರಿಯಾಗೈತಲ್ಲ?”

“ನನಗೆ ಕಾಣ್ತಾ ಐತೆ. ನಿನಗೆ ಕಾಣ್ತೈತಾ?”

ಗೌರೀಶ್ ಒಂದು ಕ್ಷಣ ತಡೆದ. ಆಮೇಲೆ ಅವನ ಕೈ ಸ್ಟಿಕ್ಕನ್ನು ಎಡಕ್ಕೆ ಒತ್ತಿತು. ಬೆಟ್ಟ ಬಲಕ್ಕೆ ಜಾರುತ್ತಾ ಜಾರುತ್ತಾ ಪರದೆಯ ಅಂಚಿಗೆ ಹೋಯಿತು.

ದೊಡ್ಡಮ್ಮನಿಗೂ ಕೇಳುವ ಹಾಗೆ ನಗಬೇಕೆಂದು ಲೋಹಿತಾ ಅಂದುಕೊಂಡಿದ್ದಳು. ಟೋಪಿಯ ಕೆಳಗೆ ಅವನ ಬಗ್ಗಿದ ಕತ್ತು ಕಾಣುತ್ತಿತ್ತು. ಅಲ್ಲಿ ಬೆವರಿತ್ತು.

“ಈಗ ಸರಿ ಹೋಯ್ತಾ?” ಎಂದು ಅವನು ಮೆಲ್ಲಗೆ ಕೇಳಿದ. “ಹೇಳೇ. ಇನ್ನೂ ತಿರುಗಿಸ್ಲಾ?”

ಅವಳಿಗೆ ನಗು ಬರಲಿಲ್ಲ.

“ನನ್ನ ಮಾತು ಕೇಳ್ಬೇಡ ಅಣ್ಣ,” ಎಂದಳು ಲೋಹಿತಾ. “ಮುಳ್ಳು ನೋಡು.”