ಪಕ್ಕದ ತಂತಿ ಸುಮ್ಮನಾದಾಗ

ಎಂಜಿನಿಯರ್ ನೆಲ್ಸ್ ಟೋಲೆಫ್ಸನ್ ಸಾಲಿನ ಮೂರನೆಯದಾದ ತನ್ನ ಮೇಜಿನ ಕೆಳಗೆ ಬಿದ್ದಿದ್ದ. ನಾಲಿಗೆ ಹೊರಚಾಚಿತ್ತು. ಕುತ್ತಿಗೆಯ ಸುತ್ತ ಸಣ್ಣ, ಆಳವಾದ ಗೀರು. ರಕ್ತ ಕಾಲರಿಗೆ ಅಂಟಿಕೊಂಡಿತ್ತು. ಉಗುರುಗಳು ಕಿತ್ತುಹೋಗಿದ್ದವು. ಮನುಷ್ಯ ಸುಲಭಕ್ಕೆ ಸತ್ತಿರಲಿಲ್ಲ.

ಬಾಯ್ಸಿ ನಗರದ ಆ ಮೆಮೊರಿ ಚಿಪ್ ಪ್ರಯೋಗಾಲಯಕ್ಕೆ ಡಿಟೆಕ್ಟಿವ್ ಮೈಟೆ ಇಸುರ್ಸಾ ಬರುವಷ್ಟರಲ್ಲಿ ಸಹಾಯಕ ಕೋಲ್ ಒಬ್ಬಳಿಗೆ ಕೋಳ ತೊಡಿಸಿಯಾಗಿತ್ತು. ಎರಡನೇ ಮೇಜಿನ ಎಂಜಿನಿಯರ್, ವಿಟ್ನಿ ಓಬೆನ್‌ಡಾರ್ಫ್.

"ಸತ್ತೋನೇ ಬರೆದಿಟ್ಟಿದಾನೆ ಮೇಡಂ," ಕೋಲ್ ಗೋಡೆಯ ಬಿಳಿ ಹಲಗೆ ತೋರಿಸಿದ. 'ಬಲಿ: 3. ದಾಳಿಕೋರರು: 2, 4.' "ನಾಲ್ಕನೇ ಮೇಜು ಖಾಲಿ. ಉಳಿದೋಳು ಇವಳೇ."

ವಿಟ್ನಿ ಅಳುತ್ತಲೇ ಸಿಡಿದಳು. "ಅಯ್ಯೋ ದಡ್ಡ! ಅದು ಮೇಜಲ್ಲ, ಚಿಪ್ಪಿನ ತಂತಿ! ಅಕ್ಕಪಕ್ಕದ ತಂತೀಲಿ ಸಿಗ್ನಲ್ ಜೋರಾಗಿ ಓಡಿದ್ರೆ ನಡುವಿನದಕ್ಕೆ ಗದ್ದಲ ನುಗ್ಗುತ್ತೆ. ಪೆಟ್ಟು ತಿನ್ನೋದು ಬಲಿ, ಕೊಡೋದು ದಾಳಿಕೋರ. ನಮ್ಮಲ್ಲಿ ಹಾಗೇ ಕರೆಯೋದು."

ಕೋಲ್ ಕಿವಿ ಕೆಂಪಾಯಿತು. ಅವಳ ಕೋಳ ಬಿಚ್ಚಿದ.

"ನೆಲ್ಸ್ ಯಾರ ಜತೆ ಜಗಳ ಆಡಿದ್ದ?" ಮೈಟೆ ಕೇಳಿದಳು.

"ನಮ್ಮ ಮುಖ್ಯಸ್ಥ ಗ್ಯಾರೆಟ್ ಜತೆ. ಈ ಚಿಪ್ಪು ಅಷ್ಟು ಗದ್ದಲ ತಾಳಲ್ಲ, ಪಾಸ್ ಅಂತ ಸಹಿ ಹಾಕಲ್ಲ ಅಂತ ನೆಲ್ಸ್ ಅಂದುಬಿಟ್ಟಿದ್ದ."

*

ಮೈಟೆ ಇಬ್ಬರನ್ನೂ ಕರೆದುಕೊಂಡು ಪಕ್ಕದ ಪರೀಕ್ಷಾ ಕೋಣೆಗೆ ಹೋದಾಗ ಗ್ಯಾರೆಟ್ ಸ್ಟೊಡರ್ಡ್ ಕಾಫಿ ಹೀರುತ್ತಿದ್ದ.

"ಬೆಳಗಿಂದ ಇಲ್ಲೇ ಇದೀನಿ. ಚಿಪ್ಪಿನ ಪರೀಕ್ಷೆ ಒಂದು ಕ್ಷಣಾನೂ ನಿಂತಿಲ್ಲ. ಬೇಕಾದ್ರೆ ಯಂತ್ರಾನೇ ಕೇಳಿ."

ಮೈಟೆ ಕೇಳಿಯೇಬಿಟ್ಟಳು. ಪರದೆಯ ಮೇಲೆ ನಡುವಿನ ತಂತಿಯ ಗದ್ದಲದ ಗೆರೆ ಬೆಳಗಿನಿಂದ ಹುಚ್ಚೆದ್ದು ಕುಣಿದಿತ್ತು. ಒಂದೆಡೆ ಮಾತ್ರ ಅರ್ಧಕ್ಕೆ ಕುಸಿದು, ಸ್ವಲ್ಪ ಹೊತ್ತು ಹಾಗೇ ಇದ್ದು, ಮತ್ತೆ ಎದ್ದಿತ್ತು.

"ವಿಟ್ನಿ, ಇಲ್ಲಿ ಯಾಕೆ ಇಳೀತು?"

ವಿಟ್ನಿಯ ಮುಖ ಬಿಳಚಿಕೊಂಡಿತು. "ಪಕ್ಕದ ತಂತಿಗೆ ಹೋಗೋ ಕೇಬಲ್ಲು... ಯಾರೋ ಬಿಚ್ಚಿದಾರೆ."

ಗ್ಯಾರೆಟ್ ಕಾದ ಬೆಸುಗೆ ಕಡ್ಡಿ ಹಿಡಿದು ವಿಟ್ನಿಯ ಕಣ್ಣಿಗೇ ನುಗ್ಗಿದ. ಮೈಟೆ ಅವನ ಮೊಣಕೈಯನ್ನು ಮೇಜಿನ ಅಂಚಿಗೆ ಅಪ್ಪಳಿಸಿದಳು. ಮೂಳೆ ಲಟಕ್ಕೆಂದಿತು. ಎರಡನೇ ಹೊಡೆತಕ್ಕೆ ಹಲ್ಲು ನೆಲಕ್ಕುರುಳಿತು.

ಕೋಲ್ ಆ ಕೇಬಲ್ ಬಿಚ್ಚಿ ನೋಡಿದ. ತುದಿಯ ತಿರುಪಿನ ಸಂದಿಯಲ್ಲಿ ರಕ್ತ, ಚೂರು ಚರ್ಮ.

"ಪರೀಕ್ಷೆ ತಾನಾಗೇ ಓಡುತ್ತೆ," ಮೈಟೆ ಏದುಸಿರು ಬಿಡುತ್ತ ಹೇಳಿದಳು. "ನೀನು ಈ ಕೇಬಲ್ ಕಿತ್ಕೊಂಡು ಹೋಗಿ ನೆಲ್ಸ್ ಕುತ್ತಿಗೆ ಬಿಗಿದೆ. ಒರೆಸಿ ವಾಪಸ್ ಸಿಕ್ಕಿಸಿದೆ. ಅಷ್ಟು ಹೊತ್ತು ಒಬ್ಬ ದಾಳಿಕೋರ ಇರಲಿಲ್ಲ, ಗೆರೆ ಇಳೀತು. ಇದೇ ಕೆಲಸದಲ್ಲಿ ಪಳಗಿದೋನು, ನಿಂಗೆ ಯಾಕೋ ಕಾಣಲಿಲ್ಲ?"

ಗ್ಯಾರೆಟ್ ರಕ್ತ ಉಗುಳಿದ.

"ಗದ್ದಲ ಮಿತಿ ಮೀರಿದ್ರೆ ತಾನೇ ನಾವು ನೋಡೋದು. ಕಮ್ಮಿಯಾದ್ರೆ ಯಾವನ್ ನೋಡ್ತಾನೆ?"