ಸಮುದ್ರಕ್ಕೆ ಬೀಗ ಹಾಕಿದ ರತಾನಿ

ಬಹಳ ಬಹಳ ಹಿಂದೆ, ಸಮುದ್ರಕ್ಕೂ ಬೀಗ ಹಾಕುತ್ತಿದ್ದ ಕಾಲದಲ್ಲಿ, ಮೂಡಣ ಕಡಲಿನ ನಡುವೆ ನುಸಾವೇಲಿ ಎಂಬ ದ್ವೀಪರಾಜ್ಯವಿತ್ತು. ಈಗ ನಾವು ಇಂಡೋನೇಷ್ಯಾ ಎನ್ನುತ್ತೇವಲ್ಲ, ಆ ದ್ವೀಪಗಳ ಸಾಲಿನ ತುತ್ತತುದಿಯಲ್ಲಿ. ಗಾಳಿ ಬೀಸಿದರೆ ಲವಂಗದ ವಾಸನೆ, ಗಾಳಿ ನಿಂತರೆ ಜಾಯಿಕಾಯಿಯ ವಾಸನೆ. ಅಂಥ ರಾಜ್ಯದ ಕರಾವಳಿಯಲ್ಲಿ ವೈಸಲಾ ಎಂಬ ಪುಟ್ಟ ಹಳ್ಳಿ. ಮುಂದೆ ಕಡಲು, ಹಿಂದೆ ಸಾಗು ಮರಗಳ ಜೌಗು. ಸಾಗು ಅಂದರೆ ತಾಳೆಯ ಜಾತಿಯ ಮರ. ಅದರ ಕಾಂಡ ಸೀಳಿ, ತಿರುಳು ತೊಳೆದು, ಹಿಟ್ಟು ಇಳಿಸಿ, ರೊಟ್ಟಿ ಸುಡುತ್ತಿದ್ದರು. ಆ ರೊಟ್ಟಿ ಎಷ್ಟು ಗಟ್ಟಿಯೆಂದರೆ, ಮೀನಿನ ಸಾರಿನಲ್ಲಿ ಅದ್ದದೆ ಕಚ್ಚಿದವರ ಹಲ್ಲು ಅವರ ಅಂಗೈಗೇ ಬರುತ್ತಿತ್ತು. ಹಾಗಾಗಿ ಆ ಹಳ್ಳಿಗೆ ಮೀನಿಲ್ಲದೆ ಊಟವೇ ಇಲ್ಲ.

ಮೀನು ಬೇಕಾದವರು ಮೀನನ್ನು ಕಾಯಲೂಬೇಕಲ್ಲ. ಅದಕ್ಕೊಂದು ಪದ್ಧತಿಯಿತ್ತು. ಮೀನು ಮೊಟ್ಟೆಯಿಡುವ ಕಾಲ ಬಂತೆಂದರೆ ಸಮುದ್ರವನ್ನು ಮುಚ್ಚಿಬಿಡುತ್ತಿದ್ದರು. ಹೇಗೆ ಅಂತೀರೋ? ದಡದಿಂದ ಕೂಗಳತೆ ದೂರದಲ್ಲಿ, ಹವಳದ ದಿಬ್ಬದ ಅಂಚಿನಲ್ಲಿ ಒಂದು ಕಂಬ. ಆ ಕಂಬಕ್ಕೆ ಎಳೆಯ ತೆಂಗಿನ ಗರಿಯ ಗಂಟು. ಗಂಟು ಬಿತ್ತೆಂದರೆ ಸಮುದ್ರಕ್ಕೆ ಬೀಗ ಬಿತ್ತು. ಕಂಬದ ನೇರಕ್ಕೆ ನೀರು ಗಾಜಿನ ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಒಳಗಿನ ದೋಣಿ ಹೊರಗೆ ಹೋಗದು, ಹೊರಗಿನ ದೋಣಿ ಒಳಗೆ ಬಾರದು. ಗೋಡೆಯ ಒಳಗೆ ಯಾರೂ ಏನನ್ನೂ ಹಿಡಿಯುವಂತಿಲ್ಲ. ಹಿಡಿಯಲು ಚಾಚಿದ ಕೈ ಒಣಮೀನಿನ ಹಾಗೆ ಮುರುಟಿಹೋಗುತ್ತಿತ್ತು. ಕಾಲ ತಿರುಗಿ ಗರಿ ತಾನಾಗಿ ಕಳಚಿ ಬೀಳುವ ತನಕ ಗಂಟು ಬಿಚ್ಚುವಂತಿಲ್ಲ. ಬಿಚ್ಚಿದರೆ ಹವಳವೆಲ್ಲ ಬೂದಿಯಂತೆ ಬೆಳ್ಳಗಾಗಿ, ಮೀನಿನ ಕುಲವೇ ಆ ತೀರ ಬಿಟ್ಟು ಹೊರಟುಹೋಗುತ್ತದೆ.

ಗೋಡೆಯ ಆಚೆ ಒಂದು ಕರಿಬಂಡೆ. ಬಂಡೆಯ ಮೇಲೆ ಲಂಬೇಸಿ ಎಂಬ ಮಾಂತ್ರಿಕ. ಗಂಟಿನ ಗರಿ ಪೂರ್ತಿ ಕಂದುಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ ಗೋಡೆಯಾಚೆ ಯಾರು ಉಳಿದಿದ್ದಾರೋ ಅವರು ಅವನ ಸ್ವತ್ತು. ಅವರನ್ನು ಕಲ್ಲು ಮಾಡಿ ತನ್ನ ಬಂಡೆಗೆ ಮೆತ್ತಿಕೊಳ್ಳುತ್ತಿದ್ದ. ಬಂಡೆ ಬೆಳೆದದ್ದೇ ಹಾಗೆ.

ಸಮುದ್ರ ಮುಚ್ಚುವ ಕೆಲಸಕ್ಕೆ ಹಳ್ಳಿಯಲ್ಲಿ ಒಂದು ಮನೆತನ. ಆ ವರ್ಷ ಮನೆಯ ಯಜಮಾನ ತೀರಿಕೊಂಡು, ಕೆಲಸ ಅವನ ಮಗಳು ರತಾನಿಯ ಕೈಗೆ ಬಂತು. ಅವಳ ಅಣ್ಣ ತೆಹೂ ಇದ್ದನಲ್ಲ ಎಂದು ನೀವು ಕೇಳಬಹುದು. ತೆಹೂವಿನ ಕೈಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಒಳ್ಳೆಯವನೇ, ಆದರೆ ಬೆಳಿಗ್ಗೆ ಕರೆದರೆ ಮಧ್ಯಾಹ್ನ ಓಗೊಡುವ ಆಸಾಮಿ. ರತಾನಿ ಅದಕ್ಕೆ ತದ್ವಿರುದ್ಧ. ಎದ್ದರೆ ಬೇಗ, ಬಿದ್ದರೆ ಬೇಗ, ಮಾತು ಬಾಯಿಗೆ ಬರುವ ಮೊದಲೇ ಕೆಲಸ ಮುಗಿದಿರಬೇಕು. ‘ಬೇಗ’ ಎಂಬುದು ಅವಳ ನಾಲಿಗೆಯ ಮೇಲೇ ಸಂಸಾರ ಹೂಡಿತ್ತು.

ಮುಚ್ಚುವ ದಿನ ಬಂತು. ದಡದ ತುಂಬ ಜನ. ಹುಡುಗಿ ಗಂಟು ಹಾಕಿದರೆ ಬೀಗ ಬೀಳುತ್ತದೋ, ಬರೀ ಚಿಲಕ ಬೀಳುತ್ತದೋ ಎಂದು ಯಾರೋ ನಗೆಯಾಡಿದರು. ರತಾನಿಗೆ ಮೈಯೆಲ್ಲ ಉರಿ. ಹೊತ್ತು ಮುಳುಗುವ ಮೊದಲೇ ಮುಗಿಸಿ ತೋರಿಸಬೇಕು ಎಂದು ದಡದತ್ತ ಒಮ್ಮೆ ಕಣ್ಣಾಡಿಸಿದಳು. ದೋಣಿಗಳೆಲ್ಲ ಸಾಲಾಗಿ ದಡ ಹತ್ತಿದ್ದವು. ಅಣ್ಣನ ದೋಣಿಯೂ ಇತ್ತು. ಮರಳಿನ ತುಂಬ ಕೋಳಿಗಳು ದಿಕ್ಕುಗೆಟ್ಟು ಕೂಗಾಡುತ್ತ ಕಾಲಿಗೆ ಸಿಕ್ಕಿದವು. ಅವನ್ನು ಹುಶ್ ಎಂದು ಓಡಿಸಿ, ನೀರಿಗಿಳಿದು, ಕಂಬಕ್ಕೆ ಗಂಟು ಬಿಗಿದಳು. ಗೋಡೆ ಎದ್ದಿತು. ನಗೆಯಾಡಿದವರ ಬಾಯಿ ಮುಚ್ಚಿತು.

ಊಟಕ್ಕೆ ಕೂತಾಗ ತೆಹೂ ಇರಲಿಲ್ಲ.

ರತಾನಿ ಕರೆದಳು, ಉತ್ತರವಿಲ್ಲ. ಅವನ ರೀತಿಯೇ ಅದು ಎಂದು ಎಲ್ಲರೂ ನಕ್ಕರು. ಮತ್ತೆ ಕರೆದಳು. ಆಗ ಅವಳ ಅಜ್ಜಿ ಹೇನಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಈ ಕೋಳಿಗಳು ಯಾಕೆ ಮನೆ ಕಳೆದುಕೊಂಡವರ ಹಾಗೆ ತಿರುಗುತ್ತಿವೆ ಎಂದು ಕೇಳಿದಳು. ಹಲಸಿನಂಥ ಮರವೊಂದರ ಕೆಳಗೆ ಹಳೆಯ ದೋಣಿಯೊಂದನ್ನು ಬೋರಲು ಹಾಕಿದ್ದರು. ಕೋಳಿಗಳು ಅದರಡಿ ಮೊಟ್ಟೆಯಿಡುತ್ತಿದ್ದವು. ಅದು ದೋಣಿ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ರತಾನಿ ಓಡಿ ನೋಡಿದಳು. ಒಣಹುಲ್ಲು ಇತ್ತು, ನಾಲ್ಕು ಮೊಟ್ಟೆ ಇತ್ತು, ದೋಣಿ ಇರಲಿಲ್ಲ. ತನ್ನ ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟಿದ್ದ ಮರದ ತೋಳು ಸಡಿಲವಾಗಿದೆ ಎಂದು ಅದನ್ನು ದಡದಲ್ಲೇ ಬಿಟ್ಟು, ತಂಗಿಯ ಮೊದಲ ಹಬ್ಬದೂಟಕ್ಕೆ ಅವಳಿಗಿಷ್ಟವಾದ, ಕಪ್ಪು ಮಸಿ ಕಾರುವ ಕಣವೆ ಮೀನು ಹಿಡಿದು ತರಲು ತೆಹೂ ಆ ಮುದಿ ದೋಣಿಯಲ್ಲಿ ಹೋಗಿದ್ದ.

ಇವಳು ದೋಣಿ ನೋಡಿದ್ದಳು. ಜನರನ್ನು ನೋಡಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಗೋಡೆಯಾಚೆ ಎಲ್ಲರಿಗೂ ಕಂಡಿತು. ಕರಿಬಂಡೆಯ ಸುತ್ತ ನೀರು ಗಾಣದ ಹಾಗೆ ಸುತ್ತುತ್ತಿದೆ, ಅದರಲ್ಲಿ ಮುದಿ ದೋಣಿ, ದೋಣಿಯಲ್ಲಿ ನೀರು ಮೊಗೆದು ಚೆಲ್ಲುತ್ತಿರುವ ತೆಹೂ. ಬಂಡೆಯ ಮೇಲೆ ಲಂಬೇಸಿ ಕೂತು, ಕಂಬದ ಕಡೆ ಬಾಯಿ ತಿರುಗಿಸಿ ಬಿಸಿಯುಸಿರು ಬಿಡುತ್ತಿದ್ದಾನೆ. ದಿನಗಟ್ಟಲೆ ಹಸಿರಾಗಿರಬೇಕಾದ ಗರಿ ಆಗಲೇ ತುದಿಯಿಂದ ಹಳದಿಯಾಗುತ್ತಿದೆ.

ಸುದ್ದಿ ಕೇಳಿ ರಾಜನೇ ಬಂದ. ಮರುಕವುಳ್ಳವನು, ಕಣ್ಣೊರೆಸಿಕೊಂಡ. ಆದರೂ ಗಂಟು ಬಿಚ್ಚಲು ಅಪ್ಪಣೆ ಕೊಡಲಿಲ್ಲ. ಒಬ್ಬನನ್ನು ಉಳಿಸಲು ಹೋಗಿ ಇಡೀ ತೀರದ ಮಕ್ಕಳನ್ನು ಬರೀ ರೊಟ್ಟಿಗೆ ಕೂರಿಸಲೇ ಎಂದು ಕೇಳಿದ.

ರತಾನಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗರಿಯ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. "ಅಜ್ಜಿ, ಗಂಟು ಬಿಚ್ಚಬಾರದು ಅಂತ ಇದೆ. ಕಂಬ ಅಲುಗಿಸಬಾರದು ಅಂತ ಇದೆಯಾ?"

ಅಜ್ಜಿ ಬಾಯಲ್ಲಿದ್ದ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹಾಕಿದಳು. "ಅದನ್ನ ಇದುವರೆಗೆ ಯಾರೂ ಕೇಳಿಲ್ಲ, ಮಗಳೇ."

"ಕಂಬ ಹೋದ ಕಡೆ ಗೋಡೆಯೂ ಹೋಗುತ್ತೆ ತಾನೇ? ಆ ಬಂಡೆಯಿಂದ ಆಚೆಗೆ ನೆಟ್ಟರೆ ಅಣ್ಣ ಒಳಗಾಗ್ತಾನೆ."

ಅಜ್ಜಿ ಯೋಚಿಸಿ ಹೇಳಿದ್ದು ಇಷ್ಟು: ಕಂಬದ ಬುಡ ಕಪ್ಪೆಚಿಪ್ಪಿನ ಹಿಡಿತದಲ್ಲಿದೆ. ಹಳದಿ ಗರಿಯ ಜೊತೆಗೆ ಹೊಸ ಹಸಿರು ಗರಿ ಸೇರಿಸಬಹುದು, ಆದರೆ ತೆಂಗಿನ ಸುಳಿಯ ಗರಿ ಕೊಡುವವನು ಮರ ಹತ್ತುವ ದೊಡ್ಡ ಏಡಿ, ಮರದೇಡಿ. ಆಳದ ನೀರಿಗೆ ಹೊತ್ತುಕೊಂಡು ಹೋಗಬಲ್ಲವನು ಹೊಳೆಬಾಯಿಯ ಮೊಸಳೆ. ಮೂವರೂ ರಾಜ್ಯಕ್ಕಿಂತ ಹಳಬರು. ಮೂವರಿಗೂ ಆತುರದವರನ್ನು ಕಂಡರಾಗದು. ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು, "ನಿನ್ನ ಆ ಒಂದು ಮಾತನ್ನ ಇಲ್ಲೇ ನನ್ನ ಸೆರಗಲ್ಲಿ ಕಟ್ಟಿಟ್ಟು ಹೋಗು," ಎಂದಳು.

ರತಾನಿ ಕಂಬದ ಬುಡಕ್ಕೆ ಮುಳುಗಿದಳು. ಅಲ್ಲಿ ಕಪ್ಪೆಚಿಪ್ಪು, ಎರಡು ಎತ್ತಿನ ಗಾಡಿಯಷ್ಟು ಅಗಲ, ಕಂಬವನ್ನು ಕಚ್ಚಿಕೊಂಡು ಕೂತಿತ್ತು. ಕಂಬ ಬಿಡು ತಾಯಿ ಎಂದು ಕೇಳಿದಳು. ಬಿಡುತ್ತೇನೆ, ಆದರೆ ಬಹಳ ಕಾಲದಿಂದ ಕಚ್ಚಿ ಬಾಯಿ ಜಡ್ಡುಗಟ್ಟಿದೆ, ನಿನ್ನ ಕೈಯಿಟ್ಟು ಮೆಲ್ಲಗೆ ನೀವಿಕೊಡು, ಎಂದಿತು ಅದು. ಕೈಯಿಟ್ಟಳು. ಚಿಪ್ಪು ಮೊಣಕೈವರೆಗೆ ಮುಚ್ಚಿಕೊಂಡಿತು. ಕಿತ್ತರೆ ತೋಳೇ ಹೋಗುತ್ತದೆ. ಎದೆಯಲ್ಲಿ ಉಸಿರು ಮುಗಿಯುತ್ತ ಬಂತು, ತಲೆಯ ಮೇಲೆ ಗರಿ ಹಳದಿಯಾಗುತ್ತ ಬಂತು. ಅವಳು ಕಣ್ಣು ಮುಚ್ಚಿ, ಹಸುಗೂಸಿನ ಬೆನ್ನು ನೀವಿದ ಹಾಗೆ ನೀವಿದಳು, ನೀವಿದಳು. ಕೊನೆಗೆ ಚಿಪ್ಪು ಆಕಳಿಸಿತು. ಕೈಯೂ ಬಂತು, ಕಂಬವೂ ಬಂತು. ಕಂಬದ ಬುಡಕ್ಕೆ ಕಚ್ಚಿಕೊಂಡು ಅಂಗೈಯಗಲದ ಮರಿಚಿಪ್ಪೊಂದೂ ಬಂತು. "ಇವಳನ್ನೂ ಕರೆದುಕೊಂಡು ಹೋಗು. ಹೊಸ ಜಾಗದಲ್ಲಿ ಕಂಬಕ್ಕೆ ಹಿಡಿತ ಬೇಡವೇ?" ಎಂದು ಕಪ್ಪೆಚಿಪ್ಪು ನಿದ್ದೆಗೆ ಜಾರಿತು.

ಕಂಬ ಹೆಗಲಿಗೇರಿಸಿಕೊಂಡು ಗೋಡೆಯೊಳಗಿನ ನಡುಗಡ್ಡೆಯ ತೆಂಗಿನ ಮರಕ್ಕೆ ಹೋದಳು. ಮರದ ತುದಿಯಲ್ಲಿ ಮರದೇಡಿ. ಅದು ಕೊಂಬಿನಂಥ ಕೊಂಡಿಯಿಂದ ತೆಂಗಿನಕಾಯಿ ಒಡೆಯುವ ಜಾತಿ, ಆದರೆ ಅತಿಥಿಸತ್ಕಾರದಲ್ಲಿ ಮಹಾ ಶಿಸ್ತಿನವನು. ಗರಿ ಕೊಡು ಮಾವ ಎಂದಳು. ಕೊಡುತ್ತೇನಮ್ಮ, ಆದರೆ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿ ನನಗೆ ಅಭ್ಯಾಸವಿಲ್ಲ, ಎಂದು ಒಂದು ಕಾಯಿ ಒಡೆದು ಮುಂದಿಟ್ಟ. ಅಣ್ಣ ಆಚೆ ನೀರು ಮೊಗೆಯುತ್ತಿದ್ದಾನೆ, ಇವಳು ಇಲ್ಲಿ ಕೊಬ್ಬರಿ ತಿನ್ನಬೇಕು. ಮೊದಲ ತುತ್ತು ನುಂಗಿಬಿಟ್ಟಳು. ಏಡಿಯ ಮುಖ ಕಪ್ಪಿಟ್ಟಿತು. ಕಾಯಿ ಅಷ್ಟು ಸಪ್ಪೆಯೇ ಎಂದು ಇನ್ನೊಂದು ಒಡೆಯಲು ಹೊರಟ. ಆಗ ರತಾನಿ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದು ಚೂರನ್ನೂ ನುರಿಸಿ ನುರಿಸಿ ತಿಂದಳು. ಕಣ್ಣೀರು ಕೊಬ್ಬರಿಗೆ ಬಿದ್ದು ಉಪ್ಪಾಯಿತು. ಹೀಗೆ ಉಪ್ಪು ಹಚ್ಚಿದರೆ ಇನ್ನೂ ರುಚಿ ಎಂದೂ ಹೇಳಿದಳು ಪುಣ್ಯಾತ್ಗಿತ್ತಿ. ಏಡಿ ಸಂತೋಷದಿಂದ ಸುಳಿಯ ಗರಿಯನ್ನು ಕತ್ತರಿಸಿ ಕೊಟ್ಟ.

ಹಳೆಯ ಗಂಟಿಗೆ ಹೊಸ ಗರಿ ಸುತ್ತಿಕೊಂಡು ಹೊಳೆಬಾಯಿಗೆ ಹೋದಳು. ಅಲ್ಲಿ ಮೊಸಳೆ. ಆ ಸೀಮೆಯಲ್ಲಿ ಮೊಸಳೆಯನ್ನು ಯಾರೂ ಮೊಸಳೆ ಎನ್ನುವುದಿಲ್ಲ, ಅಜ್ಜ ಎನ್ನುತ್ತಾರೆ. ನನ್ನನ್ನು ಆಳಕ್ಕೆ ಹೊತ್ತುಕೊಂಡು ಹೋಗಜ್ಜ ಎಂದಳು. ಹತ್ತು, ಆದರೆ ಬೆನ್ನ ಮೇಲೆ ಕೂತು ಬೇಗ ಹೋಗು ಎಂದೆಯೋ, ನಾನು ಅಲ್ಲೇ ಮುಳುಗುತ್ತೇನೆ, ನೀನೂ ಮುಳುಗುತ್ತೀ, ಎಂದಿತು ಮೊಸಳೆ.

ಹತ್ತಿದಳು. ಕಂಬ ಮುಂದೆ ಹೋದ ಹಾಗೆ ಗಾಜಿನ ಗೋಡೆಯೂ ಮುಂದೆ ಮುಂದೆ ಸರಿಯಿತು. ದಡದ ಜನ ಉಸಿರು ಬಿಗಿಹಿಡಿದು ನೋಡಿದರು. ಬಂಡೆಯ ಮೇಲಿದ್ದ ಲಂಬೇಸಿಗೆ ವಿಷಯ ಅರ್ಥವಾಯಿತು. ಎದ್ದು ನಿಂತು ಊದತೊಡಗಿದ. ಹೊಸ ಗರಿಯೂ ಹಳದಿಯಾಯಿತು, ಹಳದಿ ಕಂದಾಯಿತು, ನಡುನರದ ಉದ್ದಕ್ಕೆ ಒಂದೇ ಒಂದು ಹಸಿರು ಎಳೆ ಉಳಿಯಿತು. ಅಷ್ಟರಲ್ಲಿ ಮೊಸಳೆ ನಿಂತೇಬಿಟ್ಟಿತು. ವಯಸ್ಸಾಗಿತ್ತು, ದಣಿದಿತ್ತು.

"ಯಾಕಮ್ಮ ನಿಂತೆ?" ಲಂಬೇಸಿ ಬಂಡೆಯ ಮೇಲಿಂದ ಬಹಳ ಪ್ರೀತಿಯಿಂದ ಕೇಳಿದ. "ನಿಮ್ಮಣ್ಣನ ದೋಣಿ ಮುಳುಗ್ತಾ ಇದೆ. ಆ ಮುದುಕನಿಗೆ ಬೇಗ ಹೋಗು ಅನ್ನಬಾರದಾ?"

ದೋಣಿಯ ಅಂಚು ನೀರಿಗೆ ಸಮವಾಗಿತ್ತು. ತೆಹೂವಿನ ತಲೆ ಮಾತ್ರ ಕಾಣುತ್ತಿತ್ತು. ಆ ಮಾತು ರತಾನಿಯ ಹಲ್ಲಿನ ತುದಿಗೆ ಬಂತು. ಅವಳು ಅದನ್ನು ಕಚ್ಚಿ ಹಿಡಿದಳು, ತುಟಿಯಿಂದ ರಕ್ತ ಬಂತು. ಆಮೇಲೆ ಬಗ್ಗಿ ಮೊಸಳೆಯ ಒರಟು ತಲೆ ಸವರಿ ಹೇಳಿದಳು.

"ಅಜ್ಜ, ಉಸಿರು ತಗೊಳ್ಳಿ. ನಾನು ಕಾಯ್ತೀನಿ."

ಮೊಸಳೆ ಹುಟ್ಟಿದಾರಭ್ಯ ಆ ಮಾತನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ದೀರ್ಘವಾಗಿ ಒಂದು ಉಸಿರು ಎಳೆದುಕೊಂಡಿತು. ಆ ಒಂದು ಉಸಿರಿಗೆ ಬಾಲ ಬೀಸಿದ್ದೇ ತಡ, ಕರಿಬಂಡೆಯನ್ನು ದಾಟಿ ಆಚೆಯ ಮರಳುದಿಣ್ಣೆಗೆ ಹೋಗಿ ನಿಂತಿತು. ರತಾನಿ ಕಂಬ ಊರಿದಳು. ಮರಿಚಿಪ್ಪು ಕಲ್ಲು ಹಿಡಿದು ಬುಡವನ್ನು ಭದ್ರಪಡಿಸಿತು. ಗೋಡೆ ಬಂಡೆಯ ಹಿಂದೆ ಹೋಗಿ ನಿಂತಿತು. ಹಸಿರು ಎಳೆ ಆಮೇಲೆ ಆರಿತು, ಆದರೆ ಆಗ ಹೊರಗೆ ಯಾರೂ ಇರಲಿಲ್ಲ.

ಲಂಬೇಸಿ ಮಾತ್ರ ಸಿಟ್ಟಿನಲ್ಲಿ ಬುದ್ಧಿ ಕಳೆದುಕೊಂಡ. ತೆಹೂವಿನ ಕುತ್ತಿಗೆಗೆ ಕೈ ಹಾಕಲು ಬಗ್ಗಿದ. ತಾನೂ ಈಗ ಗೋಡೆಯೊಳಗೆ, ಮುಚ್ಚಿದ ಸಮುದ್ರದಲ್ಲಿ ಇದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಚಾಚಿದ ಕೈ ಮುರುಟಿತು. ಇನ್ನೊಂದು ಕೈ ಚಾಚಿದ, ಅದೂ ಮುರುಟಿತು. ಬಾಯಿ ಹಾಕಿದ, ಮೈಯೆಲ್ಲ ಮುರುಟಿ ಮುರುಟಿ, ಸೌತೆಕಾಯಿಯಷ್ಟಾಗಿ, ನೀರಿಗೆ ಬಿದ್ದು ತಳ ಸೇರಿದ. ಈಗಲೂ ಅಲ್ಲಿ ಮರಳು ತಿಂದು ಮರಳು ಕಕ್ಕುತ್ತ ತೆವಳುವ ಪ್ರಾಣಿಯೊಂದಿದೆ, ಕೈಯಿಲ್ಲ, ಕಾಲಿಲ್ಲ. ಅದು ಅವನೇ.

ಮಾಂತ್ರಿಕ ಬಿದ್ದ ಕೂಡಲೇ ಕರಿಬಂಡೆ ಬಿರಿಯಿತು. ಎಂದೋ ಕಲ್ಲಾಗಿದ್ದವರೆಲ್ಲ ಕಣ್ಣುಜ್ಜಿಕೊಂಡು ಎದ್ದರು. ಅವರಲ್ಲಿ ಒಬ್ಬ ಮುದುಕ, ಮನೆಯಲ್ಲಿ ರೊಟ್ಟಿ ಸುಟ್ಟಾಯಿತೇ ಎಂದು ಮೊಸಳೆಯನ್ನೇ ಕೇಳಿದನಂತೆ. ರತಾನಿ ಅದಾವುದನ್ನೂ ನೋಡಲಿಲ್ಲ. ಮುಳುಗಿದ ದೋಣಿಯ ಸುತ್ತ ತಡಕಾಡುತ್ತ, "ಅಣ್ಣಾ," ಎಂದು ಕರೆದಳು. ಉತ್ತರವಿಲ್ಲ. "ಅಣ್ಣಾ," ಎಂದು ಮತ್ತೆ ಕರೆದಳು. ಉತ್ತರವಿಲ್ಲ. ಮೂರನೆಯ ಸಲ ದನಿಯೇ ಹೊರಡಲಿಲ್ಲ.

"ಓ," ಎಂದಿತು ಮೊಸಳೆಯ ಬಾಲದ ಕಡೆಯಿಂದ ಒಂದು ಸ್ವರ. "ಇಲ್ಲಿದ್ದೀನಿ. ಕಣವೆ ಮೀನು ಒಂದೂ ಉಳೀಲಿಲ್ಲ ಕಣೇ, ಎಲ್ಲ ನೀರುಪಾಲು."

ಅವಳು ಅವನಿಗೆ ಎರಡು ಬಾರಿಸಿದಳು, ಆಮೇಲೆ ಅಪ್ಪಿಕೊಂಡಳು.

ಕಂಬ ಅಲ್ಲೇ ಉಳಿಯಿತು. ಮುಚ್ಚುವ ಸಮುದ್ರ ದೊಡ್ಡದಾಯಿತು, ಗರಿ ಕಳಚಿ ಬಿದ್ದ ದಿನ ಮೀನು ದಡಕ್ಕೇ ನೆಗೆಯುವಷ್ಟು ಹೆಚ್ಚಿತ್ತು. ಕಲ್ಲಾಗಿದ್ದವರು ಮನೆ ಸೇರಿದರು, ಕೋಳಿಗಳಿಗೆ ರಾಜನೇ ಗೂಡು ಕಟ್ಟಿಸಿಕೊಟ್ಟ. ಅಂದಿನಿಂದ ವೈಸಲಾದಲ್ಲಿ ಸಮುದ್ರ ಮುಚ್ಚುವ ಮೊದಲು ದೋಣಿ ನೋಡುವುದಿಲ್ಲ. ದಡದಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ, ಒಬ್ಬೊಬ್ಬರೂ ಓ ಎನ್ನಬೇಕು.

ತೆಹೂ ಇದ್ದಷ್ಟು ಕಾಲವೂ ಕೊನೆಯ ಹೆಸರು ಅವನದೇ. ಅವನು ಗುಂಪಿನ ಹಿಂದೆ ಎಲ್ಲೋ ಬೆನ್ನು ತುರಿಸಿಕೊಳ್ಳುತ್ತ ನಿಂತಿರುತ್ತಿದ್ದ, ಕೂಡಲೇ ಓಗೊಡುತ್ತಿರಲಿಲ್ಲ. ರತಾನಿ ಎಳೆಯ ಗರಿಯನ್ನು ಕೈಯಲ್ಲಿ ಹಿಡಿದು, ಎದೆ ಡವಗುಟ್ಟುತ್ತಿದ್ದರೂ, ಬಾಯಿ ತೆರೆಯದೆ ಕಾಯುತ್ತಿದ್ದಳು.

ಅವನು ಓ ಎಂದ ಮೇಲೆಯೇ ಗಂಟು ಬೀಳುತ್ತಿತ್ತು. ಅವರ ಲವಂಗ ನಮ್ಮ ಒಗ್ಗರಣೆ ಡಬ್ಬಿಯಲ್ಲಿ ಘಮಘಮಿಸುವಷ್ಟು ಕಾಲ ಅವರು ಅಲ್ಲಿ ಸುಖವಾಗಿರಲಿ, ಕೇಳಿದ ನಾವು ಇಲ್ಲಿ ಸುಖವಾಗಿರೋಣ.