ಹೆಣ್ಣೊಪ್ಪಿಸೋ ಪದ

"ನನ್ನಜ್ಜಿ ಪದ ಎಲ್ಲಿ?"

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯಲ್ಲಿ ಮೇಘನ ಕಂಪ್ಯೂಟರಿನ ಪರದೆಗೆ ಬೆರಳಿಟ್ಟು ಕೇಳಿದಳು. ಅಂಗಡಿಯ ತಿಮ್ಮರಾಜು ಕುರ್ಚಿ ಬಿಟ್ಟು ಎದ್ದು ನಿಂತ.

ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಬೆಳ್ಳೂರಿನ ಅಜ್ಜಿ ಕುಳ್ಳಮ್ಮ ಹೇಳಿ ಬರೆಸಿದ ಸೋಬಾನೆ ಪದಗಳ ಪುಸ್ತಕ. ಒಂದೊಂದು ಪದಕ್ಕೂ ಒಂದೊಂದು ಫೈಲು. ಅವನ್ನೆಲ್ಲ ಸಾಲಾಗಿ ಜೋಡಿಸಿ ಪುಟದ ನಂಬರು ಹಾಕುವ ಬುಕ್ ಫೈಲು ಬೇರೆ. ಆ ಸಾಲಿನಲ್ಲಿ ಈಗ ಕೊನೆಯ ಪದವೇ ಇಲ್ಲ!

ಹೆಣ್ಣೊಪ್ಪಿಸೋ ಪದ... ಅಜ್ಜಿಯ ಪ್ರಾಣದಂಥ ಪದ.

ಕೈಯಲ್ಲಿ ಬರೆದುಕೊಂಡಿದ್ದ ಹಾಳೆ ಕಳೆದುಹೋಗಿದೆ, ಅದಕ್ಕೆ ಇನ್ನೊಂದು ಪ್ರತಿಯಿಲ್ಲ. ಮತ್ತೊಮ್ಮೆ ಕೇಳೋಣವೆಂದರೆ ಅಜ್ಜಿಗೆ ಲಕ್ವ ಹೊಡೆದು ಮಾತೇ ನಿಂತಿದೆ. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದುಬಿಟ್ಟಿದ್ದಾರೆ. ಪುಸ್ತಕವನ್ನು ಅವಳ ಕೈಗಿಡಬೇಕು, ಮೇಘನಳಿಗೆ ಉಳಿದಿದ್ದು ಅದೊಂದೇ ಆಸೆ.

"ಅಳಿಸ್ಬುಟ್ರಾ?"

"ಅಳ್ಸಿಲ್ಲ ಕಣ್ರೀ... ನಾನೇ ತೆಗ್ದಿದೀನಿ."

ತೆಗೆದನಂತೆ! ವಾರವಾರ ಪ್ರೂಫ್ ಹಿಡಿದು ಬೈಕಿನಲ್ಲಿ ಬೆಳ್ಳೂರಿಗೆ ಬಂದು, ಅಜ್ಜಿಯ ಕಾಲ ಬಳಿ ಕೂತು ಓದಿ ಹೇಳುತ್ತಿದ್ದ ಮನುಷ್ಯ ಇವನೇನಾ? ಆ ಬೈಕಿನ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಗೋಡೆಗೊರಗಿ ಕುಸಿದು ಕೂತಳು.

"ನಿಮ್ಮನ್ನ ನಂಬಿ ಕೆಟ್ಟೆ. ಅಜ್ಜಿಗೆ ನಾನ್ ಏನಂತ ಮೊಕ ತೋರ್ಸ್ಲಿ?"

ತಿಮ್ಮರಾಜು ಕಂಪ್ಯೂಟರಿನಲ್ಲಿ ಒಂದು ಫೋಲ್ಡರು ತೆರೆದ. ಪದ ಅಲ್ಲಿತ್ತು. ಒಂದಕ್ಷರವೂ ಹೋಗಿರಲಿಲ್ಲ.

"ಬುಕ್ಕಿನ ಸಾಲಿಂದ ತೆಗೆದ್ರೆ ಫೈಲು ಅಳ್ಸೋಗಲ್ಲ. ಹೊರಗಿರ್ತದೆ ಅಷ್ಟೆಯ."

"ಮತ್ಯಾಕೆ ತೆಗುದ್ರಿ?"

"ಅಜ್ಜಿ ಹೇಳಿದ್ರು. ಮನೇಲಿ ಮದ್ವೆ ಹೆಣ್ಣಿಲ್ದೆ ಆ ಪದ ಅಚ್ಚಾಕ್ಸಬ್ಯಾಡ ಕಣ್ಲಾ, ಒಳ್ಳೇದಲ್ಲ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

ಅವನು ಕಂಪ್ಯೂಟರು ಬಿಟ್ಟು ಅವಳತ್ತ ತಿರುಗಿದ.

"ಇನ್ನೊಂದ್ ಮಾತೂ ಅಂದಿದ್ರು... ನನ್ ಮೊಮ್ಮಗಳ್ನ ಕೇಳೋ ಧೈರ್ಯ ನಿಂಗೆ ಬಂದ ದಿನ ಸೇರ್ಸ್ಲಾ ಅಂತ. ನಂಗೆ ಧೈರ್ಯ ಬರ್ಲಿಲ್ಲ. ಅಷ್ಟ್ರಲ್ಲಿ ಅವ್ರ ಮಾತೇ ನಿಂತೋಯ್ತು."

ಕಣ್ಣು ಮಂಜಾದ ಮುದುಕಿಗೆ ಕಂಡದ್ದನ್ನು ಹರೆಯದ ತಾವಿಬ್ಬರೂ ಬಾಯಿಬಿಟ್ಟು ಹೇಳಲಾರದೆ ಹೋದೆವಲ್ಲ... ಮೇಘನ ಎದ್ದು ನಿಂತು ಕಣ್ಣೊರೆಸಿಕೊಂಡಳು.

"ಈಗ ಕೇಳಿ."

"ನನ್ನ ಮದ್ವೆ ಆಗ್ತೀರಾ, ಮೇಘನಾ?"

"ಮೊದ್ಲು ಪದ ಸೇರ್ಸಿ. ಅಜ್ಜಿಗೆ ಕಿವಿ ಕೇಳೋವಾಗ್ಲೇ ಓದಿ ಹೇಳ್ಬೇಕು."

ಅವನು ಫೈಲನ್ನು ಸಾಲಿನ ಕೊನೆಗೆ ಸೇರಿಸಿದ. ಪ್ರಿಂಟರಿನಿಂದ ಬಂದ ಹಾಳೆಗಳನ್ನು ಅವಳು ಎದೆಗವಚಿಕೊಂಡಳು. ತಿಮ್ಮರಾಜು ಅಂಗಡಿಯ ಶಟರ್ ಎಳೆದು ಬೈಕ್ ತೆಗೆದ.

"ನೀವೇ ಓದಿ," ಎಂದಳು ಮೇಘನ, ಹಿಂದೆ ಕೂರುತ್ತಾ. "ನಂಗೆ ಅಳು ಬತ್ತದೆ."

"ಅಳಿ. ಆ ಪದಕ್ಕೆ ಮದ್ವೆ ಹೆಣ್ಣು ಅಳ್ಬೇಕಂತೆ, ಅಜ್ಜೀನೇ ಹೇಳವ್ರೆ."